ನೀಲಿ ಛತ್ರಿಯ ಹಿಂದೆ

ಯುರೋಪಿನಲ್ಲಿ ಯಾವುದು ಚಂದ ಎಂದು ಕೊಟ್ಟೂರಿನಲ್ಲಿ ಈಗ ಎಲ್ಲರೂ ನನ್ನನ್ನು ಕೇಳುತ್ತಾರೆ. ಚಹಾದಂಗಡಿಯಲ್ಲಿ ಕೇಳುತ್ತಾರೆ, ಕ್ಷೌರದ ಕುರ್ಚಿಯಲ್ಲಿ ಕೂತಾಗ ಕೇಳುತ್ತಾರೆ, ಮೊನ್ನೆ ರೈಲ್ವೆ ಗೇಟು ಹಾಕಿದ್ದಾಗ ಪಕ್ಕದ ಬೈಕಿನವನೂ ಕೇಳಿದ. ಪ್ಯಾರಿಸ್ಸಿನ ಕಬ್ಬಿಣದ ಗೋಪುರ ಎಂದೋ ಸ್ವಿಟ್ಜರ್ಲೆಂಡಿನ ಹಿಮ ಎಂದೋ ನಾನು ಹೇಳಲಿ ಎಂಬುದು ಅವರ ಆಸೆ. ನಾನು ಹೇಳುವುದು ಒಂದೇ: ನನ್ನ ಮಗಳ ನೀಲಿ ಛತ್ರಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುವವರು ನಗಲಿ. ನಕ್ಕವರನ್ನು ಕೂಡಿಸಿಕೊಂಡು ನಾನು ಮೊದಲಿನಿಂದ ಹೇಳಲು ಶುರುಮಾಡುತ್ತೇನೆ. ಅರ್ಧಕ್ಕೆ ಎದ್ದು ಹೋಗಲು ಬಿಡುವುದಿಲ್ಲ.

ನನ್ನ ಹೆಸರು ದುರುಗಪ್ಪ. ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ರಿಟೈರ್ ಆದವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಬಸ್‌ಸ್ಟ್ಯಾಂಡುಗಳಲ್ಲಿ ನನ್ನ ದನಿ ಕೇಳದ ಗೋಡೆ ಇಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇದೆ ಎಂದು ಹೆಂಡತಿ ಜೋಗಮ್ಮ ಹೇಳುತ್ತಾಳೆ. ಬಾಗಿಲಿಗೆ ಜೋತುಬಿದ್ದವರನ್ನು ಒಳಗೆ ತಳ್ಳುತ್ತಲೇ ಆಯುಷ್ಯ ಕಳೆದವನಿಗೆ ಸಿಟ್ಟು ಇನ್ನೆಲ್ಲಿ ಇರಬೇಕು?

ಮಗಳು ಸಮತಾ ಕೊಟ್ಟೂರಿನಲ್ಲೇ ಡಿಗ್ರಿ ಮುಗಿಸಿ, ಹಂಪಿಯಲ್ಲಿ ಫಾರಿನ್ನಿನವರಿಗೆ ಗೈಡ್ ಆಗಿ ಕೆಲಸ ಶುರುಮಾಡಿದಳು. ಅಲ್ಲಿಂದ ಹೊಸಪೇಟೆಯ ಒಂದು ಟೂರ್ ಕಂಪನಿಗೆ ಸೇರಿದಳು. ಮೊದಲು ಫಾರಿನ್ನಿನವರನ್ನು ಇಲ್ಲಿ ಸುತ್ತಿಸುತ್ತಿದ್ದವಳು, ಈಗ ನಮ್ಮವರನ್ನು ಅಲ್ಲಿಗೆ ಕರೆದೊಯ್ಯುತ್ತಾಳೆ. ನಾಲ್ಕಾರು ಸಲ ಬೇರೆಯವರ ಕೈಕೆಳಗೆ ಹೋಗಿ ಬಂದಿದ್ದಳು. ಈ ಸಲ ಟೂರ್ ಅವಳದೇ. ಎಲ್ಲರೂ ಸುಖವಾಗಿ ತಿರುಗಿ ಬಂದರೆ ಇನ್ನು ಮುಂದೆ ಯುರೋಪ್ ಟೂರುಗಳಿಗೆಲ್ಲ ಅವಳೇ ಮುಖ್ಯಸ್ಥೆ. ಒಬ್ಬರೇ ಒಬ್ಬರು ಹಿಂದೆ ಉಳಿದರೂ ಛತ್ರಿ ಕೆಳಗಿಟ್ಟು ಆಫೀಸಿನಲ್ಲಿ ಕೂತು ಫೋನ್ ಎತ್ತಬೇಕು. ಕಂಪನಿಯ ಸಾಹೇಬರು ಹಾಗೆಂದು ನೆಟ್ಟಗೇ ಹೇಳಿದ್ದರು.

ಹೋಗುವವರು ಬೀಜದಂಗಡಿಯವರು. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಗಂಡ-ಹೆಂಡತಿ ಸಮೇತ ಫಾರಿನ್ನಿಗೆ ಕಳಿಸುವುದು ಬೀಜದ ಕಂಪನಿಗಳ ಪದ್ಧತಿ. ಒಂದು ವರ್ಷ ಬ್ಯಾಂಕಾಕ್, ಒಂದು ವರ್ಷ ದುಬೈ. ಈ ಸಲ ನಮ್ಮ ಐದು ತಾಲ್ಲೂಕಿನಲ್ಲಿ ಮೆಕ್ಕೆಜೋಳದ ಬೀಜ ಜೋರಾಗಿ ಓಡಿತ್ತು, ಹಾಗಾಗಿ ಯುರೋಪ್ ಎಂದರು. ಟೂರ್ ಮುಖ್ಯಸ್ಥರು ತಮ್ಮ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದಿತ್ತು. ಸಮತಾ ಅವ್ವನನ್ನು ಕರೆದಳು.

"ಬಸ್ಸಿನಾಗ ಹರಪನಹಳ್ಳಿ ಮುಟ್ಟೂದ್ರಾಗ ನನಗ ವಾಂತಿ ಬರ್ತೈತಿ, ಇಮಾನದಾಗ ಯಾರ ಮ್ಯಾಲ ಕಾರ್ಲಿ?" ಎಂದಳು ಜೋಗಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನೀವ ಹೋಗ್ರಿ. ಹೋಗಿ ಅಲ್ಲಿ ಕಂಡಕ್ಟರಿಕಿ ಮಾಡಬ್ಯಾಡ್ರಿ. ಸುಮ್ನ ಕುಂತು ನೋಡ್ರಿ" ಅಂದಳು.

ಹೀಗೆ ನಾನೂ ಹೊರಟೆ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿಯವರೆಲ್ಲ ಕೊಟ್ಟೂರಿಗೆ ಬಂದು ಸೇರಿದರು. ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸು ಬಂದು ನಿಂತಿತು. ಸಮತಾ ತನ್ನ ನೀಲಿ ಛತ್ರಿಯನ್ನು ಮಡಚಿದ ಹಾಗೇ ಮೇಲಕ್ಕೆತ್ತಿ ಹಿಡಿದಳು.

"ನಮಸ್ಕಾರ್ರಿ. ಅಲ್ಲಿ ಎಷ್ಟ ಮಂದಿ ಇದ್ರೂ ನಿಮಗ ಈ ಛತ್ರಿ ಕಾಣತೈತಿ. ಇದನ್ನ ನೋಡ್ಕೊಂಡು ಇದರ ಹಿಂದ ಬರ್ರಿ. ಮತ್ತೇನೂ ನೆನಪಿಟ್ಟುಕೊಳ್ಳೋದು ಬ್ಯಾಡ."

ಆಗ ಶಿವಯೋಗಪ್ಪ ಬಾಯಿ ತೆರೆದರು. ಅವರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನಮ್ಮ ಕೊಟ್ಟೂರಿನವರೇ, ನನ್ನದೇ ವಯಸ್ಸಿನವರು. ಐದು ತಾಲ್ಲೂಕಿನಲ್ಲಿ ಅವರದೇ ದೊಡ್ಡ ಬೀಜದಂಗಡಿ, ಅಪ್ಪನ ಕಾಲದಿಂದ ಬಂದದ್ದು. ಆ ಕಾಲದಲ್ಲಿ ಅಂಗಡಿಗೆ ಹೊಸ ಬೀಜ ಬಂದರೆ ಓಣಿ ಓಣಿ ತಿರುಗಿ ಡಂಗುರ ಸಾರುತ್ತಿದ್ದವನು ನನ್ನ ಅಪ್ಪ. ಹಲಗೆ ಬಾರಿಸುವುದು ನಮ್ಮ ಮನೆತನದ ಮೇಲೆ ಊರು ಹೊರಿಸಿದ್ದ ಕೆಲಸ. ಎರಡು ಗಟ್ಟಿ ಪೆಟ್ಟು, ಒಂದು ಹಗುರ, ಒಂದು ಬಿಡುವು, ಮತ್ತೊಂದು ಗಟ್ಟಿ. ಇದು ಕೇಳಿತೆಂದರೆ ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು, ಕಟ್ಟೆಯ ಮೇಲಿನ ಗಂಡಸರು ಎದ್ದು ನಿಲ್ಲುತ್ತಿದ್ದರು. ಅಪ್ಪನ ಕೈ ಸೋತ ಮೇಲೆ ನಾನೂ ಬಾರಿಸಿದೆ. ಮದುವೆ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಾವು, ಊಟಕ್ಕೆ ಎಲ್ಲರಿಗಿಂತ ಹಿಂದೆ ನಾವು. ಕಂಡಕ್ಟರ್ ಬ್ಯಾಡ್ಜು ಬಂದ ದಿನ ಹಲಗೆಯನ್ನು ಜೋಗಮ್ಮನೇ ಎತ್ತಿ ಅಟ್ಟಕ್ಕೆ ಹಾಕಿದಳು. ಆಗಿನ್ನೂ ಹೊಸ ಮದುವಣಗಿತ್ತಿ. "ಇನ್ನ ಯಾರ ಮುಂದೂ ಇದನ್ನ ಬಾರಸಂಗಿಲ್ಲ, ಮಾತು ಕೊಡ್ರಿ" ಎಂದಳು. ಕೊಟ್ಟೆ. ಅಂದಿನಿಂದ ಮುಟ್ಟಿಲ್ಲ.

ಇದೆಲ್ಲ ಶಿವಯೋಗಪ್ಪನವರಿಗೂ ಗೊತ್ತು. ಗೊತ್ತಿದ್ದೇ ಅವರು ಎಲ್ಲರೆದುರು, ಬಸ್ಸಿನ ಮೆಟ್ಟಿಲ ಬಳಿ ನಿಂತು ಹೇಳಿದರು:

"ಮುಂದ ನಡಿಯೋದು ನಿಮ್ಮ ಮನಿತನಕ್ಕ ಹೊಸದಲ್ಲ ಬಿಡವಾ. ಮೊದ್ಲು ಹಲಗಿ ಇತ್ತು, ಈಗ ಛತ್ರಿ ಬಂತು. ಅಷ್ಟ ಫರಕು."

ಕೆಲವರು ನಕ್ಕರು. ಕೆಲವರು ಚಪ್ಪಲಿ ನೋಡಿಕೊಂಡರು. ಒಂದು ಹೆಜ್ಜೆ ಮುಂದಿಟ್ಟೆ. ಸಮತಾ ನನ್ನ ಮೊಳಕೈ ಹಿಡಿದಳು.

"ಅಪ್ಪಾ, ಅವ್ರು ನನ್ನ ಪ್ಯಾಸೆಂಜರ್."

ಪ್ಯಾಸೆಂಜರ್ ಎಂದ ಮೇಲೆ ಕಂಡಕ್ಟರ್ ಕೈ ಎತ್ತುವಂತಿಲ್ಲ. ಬಾಯಿ ಬಿಗಿದುಕೊಂಡು ಬಸ್ಸು ಹತ್ತಿದೆ. ಬೆಂಗಳೂರಿನವರೆಗೆ ಒಬ್ಬರ ಜೊತೆಯೂ ಮಾತಾಡಲಿಲ್ಲ. ಅದು ನನ್ನ ಜನ್ಮದಲ್ಲೇ ಮೊದಲು.

ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಕೋಶವನ್ನು ಮಗಳು ಓದಿದ್ದಳು, ದೇಶ ಸುತ್ತುವ ಪಾಲು ನನಗೆ ಬಂತು. ಪ್ಯಾರಿಸ್ಸಿನ ಗೋಪುರದ ಕೆಳಗೆ ಜಗತ್ತಿನ ಜನವೆಲ್ಲ ನೆರೆದಿತ್ತು. ಗೋಪುರ ದೊಡ್ಡದೇ, ಇಲ್ಲವೆನ್ನುವುದಿಲ್ಲ. ಆದರೆ ನಾನು ಅದನ್ನು ನೋಡಿದ್ದು ಕಡಿಮೆ. ಗುಂಪಿನ ಕೊನೆಯಲ್ಲಿ ನಿಂತು ಛತ್ರಿಯ ಹಿಂದೆ ಹೋಗುವ ತಲೆಗಳನ್ನು ನೋಡುತ್ತಿದ್ದೆ. ಯಾರ ಮನೆಗಳ ಮುಂದೆ ನನ್ನ ಅಪ್ಪ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ದಾಟುತ್ತಿದ್ದನೋ, ಆ ಮನೆಗಳ ಮಕ್ಕಳು ಮೊಮ್ಮಕ್ಕಳು ನನ್ನ ಮಗಳ ಛತ್ರಿ ಎತ್ತ ತಿರುಗಿದರೆ ಅತ್ತ ತಿರುಗುತ್ತಿದ್ದರು. ಅವಳು ನಿಂತರೆ ನಿಲ್ಲುತ್ತಿದ್ದರು. ರಸ್ತೆ ದಾಟು ಎಂದರೆ ದಾಟುತ್ತಿದ್ದರು. ಹೋಟೆಲಿನಲ್ಲಿ ಬಿಸಿ ಅನ್ನ ಕೊಡುವುದಿಲ್ಲ ಎಂದ ಫ್ರೆಂಚ್ ಮನುಷ್ಯನ ಹತ್ತಿರ ಅವಳು ಅವನ ಭಾಷೆಯಲ್ಲೇ ಜಗಳ ಮಾಡಿ ಅನ್ನ ತರಿಸಿದಳು. ಸಿಟ್ಟು ಮಾತ್ರ ನನ್ನದೇ, ಭಾಷೆ ಅವಳದು.

ಸ್ವಿಟ್ಜರ್ಲೆಂಡಿನಲ್ಲಿ ರೈಲು ಹಿಮದ ಬೆಟ್ಟ ಹತ್ತಿತು. ಮೇಲೆ ಹೋದ ಮೇಲೆ ಶಿವಯೋಗಪ್ಪನವರ ಹೆಂಡತಿ ಗುರುಬಸಮ್ಮನಿಗೆ ಉಸಿರು ಕಟ್ಟಿದಂತಾಯಿತು. ಸಮತಾ ಅವರ ಎರಡೂ ಕೈ ಹಿಡಿದು ಕೂಡಿಸಿ, ತನ್ನ ಸ್ವೆಟರ್ ಬಿಚ್ಚಿ ಹೊದಿಸಿ, ಬಿಸಿನೀರು ಕುಡಿಸಿದಳು.

"ನನ್ನ ಸೊಸಿ ಹಿಂಗ ಒಂದಿನ ಕೈ ಹಿಡದಾಕಿ ಅಲ್ಲವಾ. ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರ್ಲಿ" ಎಂದರು ಗುರುಬಸಮ್ಮ.

ಶಿವಯೋಗಪ್ಪ ಪಕ್ಕದಲ್ಲೇ ನಿಂತಿದ್ದರು. ಎಲ್ಲಿ ಹೋದರೂ ಅವರು ಛತ್ರಿಯ ಹಿಂದೆ ಬಂದವರೇ ಅಲ್ಲ. ಎರಡು ಮಾರು ಪಕ್ಕಕ್ಕೆ ಸರಿದು, ಕೈ ಹಿಂದೆ ಕಟ್ಟಿಕೊಂಡು, ತಮಗೆ ದಾರಿ ಗೊತ್ತಿದೆ ಎನ್ನುವ ಹಾಗೆ ನಡೆಯುತ್ತಿದ್ದರು. ಛತ್ರಿ ತಿರುಗಿದ್ದನ್ನು ಓರೆಗಣ್ಣಿನಲ್ಲಿ ನೋಡಿ ತಾವೂ ತಿರುಗುತ್ತಿದ್ದರು. ಹೆಗಲಿಗೆ ಒಂದು ಚೀಲ. ಅದರಲ್ಲಿ ವಿಭೂತಿ, ನೀರಿನ ಬಾಟಲಿ, ಒಂದು ಸ್ಟೀಲಿನ ತಾಟು, ಒಂದು ಚಮಚ. ಮಾಂಸ ಬಡಿಸಿದ ತಟ್ಟೆಯಲ್ಲಿ ಉಣ್ಣುವುದಿಲ್ಲವೆಂದು ಊರಿನಿಂದಲೇ ತಂದ ತಾಟು ಅದು. ಊಟದ ಹೊತ್ತಿಗೆ ಅವರು ಚೀಲದಿಂದ ಅದನ್ನು ತೆಗೆದು ಒರೆಸುವಾಗ ಪಕ್ಕದ ಟೇಬಲ್ಲಿನ ಜಪಾನಿನವರು ಫೋಟೋ ಹೊಡೆಯುತ್ತಿದ್ದರು.

ಕೊನೆಯ ದಿನ ವೆನಿಸ್. ಆ ಊರಿನಲ್ಲಿ ರಸ್ತೆಯ ಬದಲು ನೀರು, ಬಸ್ಸಿನ ಬದಲು ದೋಣಿ. ನನ್ನಂಥವನಿಗೆ ಅಲ್ಲಿ ಕೆಲಸವೇ ಸಿಗುವುದಿಲ್ಲ. ಓಣಿಗಳು ಎಷ್ಟು ಸಣ್ಣವೆಂದರೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆನಬೇಕು. ಸಂಜೆ ಆರಕ್ಕೆ ನಮ್ಮ ದೋಣಿ, ಅದು ಇಳಿಸಿದ ಕಡೆ ಬಸ್ಸು, ಬಸ್ಸಿನಿಂದ ವಿಮಾನ. ಅಲ್ಲಿನ ಡ್ರೈವರುಗಳು ಹೊತ್ತು ಮೀರಿ ಒಂದು ಗಳಿಗೆಯೂ ಕಾಯುವುದಿಲ್ಲ, ಅದು ಅಲ್ಲಿನ ಕಾನೂನು. ದೋಣಿ ತಪ್ಪಿದರೆ ವಿಮಾನ ತಪ್ಪಿತು. ಸಮತಾ ಇದನ್ನು ಬೆಳಿಗ್ಗೆಯಿಂದ ಮತ್ತೆ ಮತ್ತೆ ಹೇಳಿದ್ದಳು.

ಮಧ್ಯಾಹ್ನ ದೊಡ್ಡ ಚೌಕಕ್ಕೆ ಬಂದೆವು. ನೀರಿನ ದಡದಲ್ಲಿ ರೆಕ್ಕೆಯ ಸಿಂಹವನ್ನು ಹೊತ್ತ ಎತ್ತರದ ಕಂಬವೊಂದಿತ್ತು. "ಇಲ್ಲೇ ಸುತ್ತಮುತ್ತ ನೋಡ್ರಿ, ಐದಕ್ಕ ಈ ಕಂಬದ ಹತ್ರ ಬರ್ರಿ" ಎಂದು ಬಿಟ್ಟಳು. ಐದಕ್ಕೆ ಒಬ್ಬೊಬ್ಬರಾಗಿ ಬಂದರು. ತಲೆ ಎಣಿಸುವುದು ನನಗೆ ಉಸಿರಾಡಿದ ಹಾಗೆ. ಎಣಿಸಿದೆ, ಒಂದು ಕಡಿಮೆ. ಮತ್ತೆ ಎಣಿಸುವ ಮೊದಲೇ ಯಾರೆಂದು ಗೊತ್ತಾಯಿತು.

ಸಮತಾ ಗುರುಬಸಮ್ಮನ ಬಳಿ ಹೋದಳು. "ಅಮ್ಮಾರ, ಸರ್ ಎಲ್ರಿ?"

ಗುರುಬಸಮ್ಮ ಸೆರಗು ಹಿಂಡಿದರು. "ಮುಂಜಾನಿ ಲಗೂನ ಎಬ್ಬಿಸಿದ್ರಲ್ಲವಾ, ಜಳಕ ಇಲ್ಲ, ಪೂಜಿ ಇಲ್ಲ. ಲಿಂಗಪೂಜಿ ಆಗದ ಅವ್ರು ತುತ್ತು ಬಾಯಿಗಿಡಾಂಗಿಲ್ಲ. ಮಧ್ಯಾಹ್ನ ನೀವೆಲ್ಲ ಚಪಾತಿ ತಿನ್ನುವಾಗ್ಲೂ ಉಪವಾಸ ಇದ್ರು. ಮಂದಿ ಇಲ್ಲದ ಕಡೆ ನೀರಿನ ದಂಡಿಗೆ ಕುಂತು ಮಾಡ್ಕೊಂಡು ಬರ್ತೀನಿ ಅಂತ ಹೋದ್ರು."

"ನನಗ ಹೇಳಿದ್ರ ನಾನ ಜಾಗ ತೋರಸ್ತಿದ್ದೆನಲ್ರಿ."

"ಆ ಹುಡಿಗಿನ್ನೇನು ಕೇಳೂದು ಅಂದ್ರು. ಫೋನೂ ನನ್ನ ಹತ್ರನ ಐತಿ ನೋಡವಾ, ಫೋಟೋ ಹೊಡಿಯಾಕ ಕೊಟ್ಟಿದ್ರು."

ಸಮತಾ ಪೊಲೀಸರಿಗೆ ಫೋನ್ ಮಾಡಿದಳು, ದೋಣಿಯವರಿಗೆ ಮಾಡಿದಳು, ದನಿ ಎತ್ತರಿಸಲಿಲ್ಲ. ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ಗವಿಸಿದ್ದೇಶ್ ಇನ್ನೂ ನಾಲ್ವರನ್ನು ಕಟ್ಟಿಕೊಂಡು, "ನಾವು ಹುಡುಕ್ಕೊಂಡು ಬರ್ತೀವಿ ಮೇಡಂ" ಎಂದು ಓಡಿಬಿಟ್ಟ. ಒಳ್ಳೆಯ ಹುಡುಗ, ಆದರೆ ಯಾವುದಕ್ಕೂ ತಾಳ್ಮೆಯಿಲ್ಲ. ಬೇಡ, ನಿಲ್ಲಿ ಎಂದು ಅವಳು ಕೂಗುವುದರೊಳಗೆ ಓಣಿ ಅವರನ್ನು ನುಂಗಿತ್ತು. ಕರೆ ಮಾಡಿದರೆ ಯಾರದ್ದೂ ಫೋನ್ ಹತ್ತಲಿಲ್ಲ. ಒಬ್ಬರು ಕಳೆದದ್ದು ಆರು ಜನ ಕಳೆದಂತಾಯಿತು.

ಸಮತಾ ಕಂಬದ ಕೆಳಗೆ ಛತ್ರಿಯನ್ನು ಎಷ್ಟು ಎತ್ತರಕ್ಕೆ ಹಿಡಿಯಬಹುದೋ ಅಷ್ಟು ಎತ್ತರಕ್ಕೆ ಹಿಡಿದು ನಿಂತಳು. ಅವಳು ಅಲ್ಲಿಂದ ಕದಲುವಂತಿರಲಿಲ್ಲ. ಬಂದವರಿಗೆ ಕಾಣಬೇಕಲ್ಲ. ಅವಳ ತುಟಿ ಒಣಗಿತ್ತು. ಅಪ್ಪನಾದವನಿಗೆ ಅದನ್ನು ನೋಡಿಕೊಂಡು ನಿಲ್ಲಲಾಗಲಿಲ್ಲ, ನಾನೂ ಹುಡುಕಿ ಬರುತ್ತೇನೆ ಎಂದೆ.

"ಎರಡನೇ ಸೇತುವಿ ದಾಟಬ್ಯಾಡಪ್ಪ" ಎಂದಳು. ಹೊರಟೆ.

ದಾರಿಯುದ್ದಕ್ಕೂ ಶಿವಯೋಗಪ್ಪನವರನ್ನು ಬೈದೆ. ಹೊಟ್ಟೆ ಹಸಿದಿತ್ತಂತೆ, ಪೂಜೆ ಆಗಬೇಕಿತ್ತಂತೆ, ಆದರೆ ಒಂದು ಮಾತು ಕೇಳಲು ನಾಲಿಗೆ ಏಳಲಿಲ್ಲವಂತೆ. ಕೇಳಿದ್ದರೆ ಬಾಯಿಂದ ಮುತ್ತು ಉದುರುತ್ತಿತ್ತೇ? ಈ ಮನುಷ್ಯನ ಬಿಗುಮಾನಕ್ಕೆ ನನ್ನ ಮಗಳು ಬೆಲೆ ತೆರಬೇಕೇ? ಮೊದಲ ಸೇತುವೆ ದಾಟಿದೆ, ಎರಡನೆಯದರ ಮೇಲೆ ನಿಂತೆ. ಅಲ್ಲಿ ಜನ ಕಡಿಮೆ. ಹಾರನ್ನಿಲ್ಲ, ಇಂಜಿನ್ನಿಲ್ಲ. ನೀರು ಗೋಡೆಗೆ ಬಡಿಯುವುದು ಮಾತ್ರ ಕೇಳುತ್ತಿತ್ತು.

ಆಗ ತಗಡಿನ ಸದ್ದು ಬಂತು.

ಯಾವುದೋ ಹೋಟೆಲಿನವರು ಪಾತ್ರೆ ಬಡಿಯುತ್ತಿದ್ದಾರೆ ಎಂದುಕೊಂಡೆ. ಮತ್ತೆ ಬಂತು. ಎರಡು ಗಟ್ಟಿ, ಒಂದು ಹಗುರ, ಒಂದು ಬಿಡುವು. ಆಮೇಲೆ ಒಂದು ಗಟ್ಟಿ ಬೀಳಬೇಕಾದ ಕಡೆ ಎರಡು ಬಿತ್ತು. ತಪ್ಪು. ಆದರೆ ನನ್ನ ಬಲಗೈಯ ಬೆರಳುಗಳು ನನ್ನನ್ನು ಕೇಳದೆ ತಾವೇ ಅಲುಗಿದವು. ಇಟಲಿ ದೇಶದಲ್ಲಿ, ನೀರಿನ ಮೇಲೆ ಕಟ್ಟಿದ ಊರಿನಲ್ಲಿ, ಯಾರೋ ಕೊಟ್ಟೂರಿನ ಡಂಗುರ ಬಾರಿಸುತ್ತಿದ್ದರು.

ಮಗಳು ಹಾಕಿದ ಗೆರೆ ದಾಟಿದೆ. ಸದ್ದು ಹಿಡಿದು ಎಡಕ್ಕೆ ಹೋದೆ, ಒಂದು ಓಣಿ ತಪ್ಪಿ ತಿರುಗಿ ಬಂದೆ, ಒಂದು ಕಮಾನಿನ ಕೆಳಗೆ ನುಗ್ಗಿದೆ. ನೀರಿಗಿಳಿಯುವ ಮೆಟ್ಟಿಲ ಮೇಲೆ ಶಿವಯೋಗಪ್ಪ ಕೂತಿದ್ದರು. ಹಣೆಯಲ್ಲಿ ವಿಭೂತಿ ಇನ್ನೂ ಬೆಳ್ಳಗಿತ್ತು. ತೊಡೆಯ ಮೇಲೆ ಸ್ಟೀಲಿನ ತಾಟು ಬೋರಲು, ಕೈಯಲ್ಲಿ ಚಮಚ. ಪಾಪ, ಬೆವರಿ ಹೋಗಿದ್ದರು. ಅವರ ಮುಂದೆ ಯಾರೋ ದಾರಿಹೋಕರು ಎರಡು ನಾಣ್ಯ ಹಾಕಿ ಹೋಗಿದ್ದರು. ಐದು ತಾಲ್ಲೂಕಿನ ದೊಡ್ಡ ಅಂಗಡಿಯ ಯಜಮಾನರು ಅದನ್ನು ನೋಡಿರಲಿಲ್ಲ. ನಾನೂ ಹೇಳಲಿಲ್ಲ.

"ಬಂದ್ಯೇನಪ್ಪಾ" ಎಂದರು. ದನಿ ಒಡೆದಿತ್ತು. "ಕೂಗಿ ಕೂಗಿ ಗಂಟ್ಲು ಹೋತು. ಕನ್ನಡ ತಿಳಿಯಾಂಗಿಲ್ಲ, ಹಿಂದಿ ತಿಳಿಯಾಂಗಿಲ್ಲ ಈ ಮಂದಿಗೆ. ಎಲ್ಲಾ ಓಣಿ ಒಂದ ನಮೂನಿ. ಆಮ್ಯಾಲ ನೆನಪಾತು. ಈ ಪೆಟ್ಟು ತಿಳಿಯೋ ಮನಷ್ಯಾ ಈ ಊರಾಗ ಒಬ್ಬನ ಅದಾನ ಅಂತ."

"ಪೆಟ್ಟು ತಪ್ಪಾಗಿತ್ರಿ" ಎಂದೆ.

"ತಪ್ಪಿದ್ರೂ ಬಂದ್ಯಲ್ಲ."

ಕೈ ಕೊಟ್ಟು ಎಬ್ಬಿಸಿದೆ. ಹಿಡಿದುಕೊಂಡು ಎದ್ದರು. ಅಷ್ಟು ವರ್ಷ ಒಂದೇ ಊರಿನಲ್ಲಿದ್ದರೂ ನಮ್ಮಿಬ್ಬರ ಕೈ ಅದಕ್ಕೆ ಮೊದಲು ಒಂದನ್ನೊಂದು ಮುಟ್ಟಿರಲಿಲ್ಲ.

ಕಂಬದ ಬಳಿಗೆ ಬಂದಾಗ ಸಮತಾ ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಬಿಟ್ಟಳು. ಗುರುಬಸಮ್ಮ ಗಂಡನನ್ನು ಬಿಡಲಿಲ್ಲ.

"ಆಕೀಗೆ ಒಂದ್ ಮಾತು ಹೇಳಿದ್ರ ನಿಮ್ಮ ತಲಿಮ್ಯಾಲಿನ ಕಿರೀಟ ಬೀಳ್ತಿತ್ತೇನು? ನಿಮ್ಮನ್ನ ಹುಡುಕಾಕ ಹೋಗಿ ಐದು ಮಂದಿ ಕಳದಾರ. ದೋಣಿ ಬಂದು ನಿಂತೈತಿ. ಈ ಕೂಸಿನ ಕೆಲಸ ಹೋದ್ರ ಯಾರಿಗೆ ಮುಖ ತೋರಸ್ತೀರಿ?"

ಶಿವಯೋಗಪ್ಪ ದೋಣಿಕಟ್ಟೆಯ ಕಡೆ ನೋಡಿದರು. ಓಣಿಗಳ ಕಡೆ ನೋಡಿದರು. ಆಮೇಲೆ ತಾಟನ್ನೂ ಚಮಚವನ್ನೂ ನನ್ನ ಮುಂದೆ ಹಿಡಿದರು.

"ದುರುಗಪ್ಪಾ, ನೀನ ಬಾರ್ಸಪ್ಪಾ. ನನ್ನ ಕೈಯಾಗ ಬರೋದಿಲ್ಲ. ನೀ ಬಾರ್ಸಿದ್ರ ಊರಿಗೂರ ಕೇಳತೈತಿ. ಎಲ್ಲಿದ್ರೂ ಬರ್ತಾರ."

ಚುಚ್ಚಿ ಹೇಳಿದ್ದರೆ ನನಗೆ ಸುಲಭವಿತ್ತು. ಅವರು ಬೇಡಿ ಹೇಳಿದರು. ಆ ತಾಟಿನಲ್ಲಿ ನನ್ನ ಮಗಳ ಕೆಲಸ ಇತ್ತು. ಒಂದು ಸಲ, ಇಷ್ಟು ದೂರದಲ್ಲಿ, ಜೋಗಮ್ಮನಿಗೆ ಹೇಗೆ ಗೊತ್ತಾಗುತ್ತದೆ ಎಂದುಕೊಂಡೆ. ಕೈ ಚಾಚಿಯೇಬಿಟ್ಟೆ. ಚಮಚದ ತಣ್ಣನೆಯ ಹಿಡಿ ಬೆರಳಿಗೆ ತಾಗಿತು.

"ಅಪ್ಪಾ, ಬ್ಯಾಡ."

"ಲೇ, ದೋಣಿ ಹೊಂಡೋ ಹೊತ್ತಾತು."

"ಹೋದ್ರ ಹೋಗ್ಲಿ. ಕೆಲಸ ಹೋದ್ರ ಇನ್ನೊಂದು ಸಿಗತೈತಿ. ನೀನು ಅವ್ವಗ ಮಾತು ಕೊಟ್ಟೀ" ಎಂದಳು ಸಮತಾ. ಆಮೇಲೆ ಶಿವಯೋಗಪ್ಪನವರ ಕಡೆ ತಿರುಗಿದಳು. ಸಿಟ್ಟಿಲ್ಲ, ಅಳುಕೂ ಇಲ್ಲ. ಹೋಟೆಲಿನಲ್ಲಿ ಅನ್ನ ಕೇಳಿದ ದನಿ ಅದು. "ಸರ್, ಅವ್ರು ನಿಮ್ಮನ್ನ ಹುಡುಕಾಕ ಹೋಗ್ಯಾರ. ನೀವ ಕರೀರಿ. ದಾರಿ ನನಗ ಗೊತ್ತೈತಿ, ನನ್ನ ಹಿಂದ ಬರ್ರಿ."

ಹಡಗಲಿಯವರು, ಹರಪನಹಳ್ಳಿಯವರು, ಕೂಡ್ಲಿಗಿಯವರು, ಎಲ್ಲರ ಕಣ್ಣೂ ಆ ತಾಟಿನ ಮೇಲೆ. ಶಿವಯೋಗಪ್ಪ ಅದನ್ನು ಒಮ್ಮೆ ತಿರುಗಿಸಿ ನೋಡಿದರು. ಗುರುಬಸಮ್ಮ ಅವರ ಹೆಗಲಿನ ಚೀಲವನ್ನು ತೆಗೆದು ತಾವು ಹಾಕಿಕೊಂಡರು.

"ಬಾರಸಾಕ ಅಡ್ಡ ಆಗತೈತಿ, ಕೊಡ್ರಿ" ಎಂದರು.

"ನಡಿಯವಾ" ಎಂದರು ಶಿವಯೋಗಪ್ಪ. ತಾಟಿಗೆ ಚಮಚ ಬಡಿದರು.

ಸಮತಾ ಛತ್ರಿ ಎತ್ತಿ ಮುಂದೆ ನಡೆದಳು. ಅವಳ ಬೆನ್ನಿಗೆ ಶಿವಯೋಗಪ್ಪ, ಅವರ ಬೆನ್ನಿಗೆ ನಾನು. ಉಳಿದವರು ಕಂಬದ ಬಳಿ ಗುರುಬಸಮ್ಮನ ಸುತ್ತ ನಿಂತರು. ಆ ಊರಿನಲ್ಲಿ ಗೈಡುಗಳು ಮೈಕು ಹಿಡಿಯುವಂತಿಲ್ಲ, ತಾಟಿನ ಬಗ್ಗೆ ಯಾರೂ ಕಾನೂನು ಮಾಡಿರಲಿಲ್ಲ. ಓಣಿಯಲ್ಲಿ ಕಿಟಕಿಗಳು ತೆರೆದವು. ಒಬ್ಬಳು ಮುದುಕಿ ಹೂಕುಂಡದ ಮೇಲಿನಿಂದ ಬಗ್ಗಿ ನೋಡಿದಳು. ಪೊಲೀಸ್ ಹೆಂಗಸೊಬ್ಬಳು ಅಡ್ಡ ಬಂದಾಗ ಸಮತಾ ಎರಡು ಮಾತು ಹೇಳಿದಳು, ಆಕೆ ಗೋಡೆಗೆ ಸರಿದು ದಾರಿ ಬಿಟ್ಟಳು. ಮೊದಲ ಸೇತುವೆಯ ಬಳಿ ಇಬ್ಬರು ಸಿಕ್ಕರು. ಅದರಾಚೆ ಇಬ್ಬರು ಓಡಿಬಂದರು. ಎಲ್ಲರಿಗಿಂತ ಕೊನೆಗೆ ಗವಿಸಿದ್ದೇಶ್ ಕಮಾನಿನ ಕೆಳಗಿನಿಂದ ಬಂದ.

"ಏನೋ ನಮ್ಮೂರಿನ ಸದ್ದು ಬಂದಂಗಾತು, ಹಿಡಕೊಂಡು ಬಂದೆ" ಎಂದವನು, ಬಾರಿಸುತ್ತಿರುವವರನ್ನು ನೋಡಿ ಮಾತು ನಿಲ್ಲಿಸಿದ.

ಎಣಿಸಿದೆ, ಸರಿಯಾಗಿತ್ತು. ಆದರೂ ಶಿವಯೋಗಪ್ಪ ಬಾರಿಸುವುದನ್ನು ನಿಲ್ಲಿಸಲಿಲ್ಲ. ಮುಂದಿನದು ಊರಿಗೆಲ್ಲ ಗೊತ್ತಿದೆ. ವಿಮಾನ ಸಿಕ್ಕಿತು, ಮುಂದಿನ ಯುರೋಪ್ ಟೂರೂ ಸಮತಾಳದೇ, ಅವಳಿಗೇ ಕೊಡಿ ಎಂದು ಕಂಪನಿಗೆ ಮೊದಲು ಫೋನ್ ಮಾಡಿದವರು ಶಿವಯೋಗಪ್ಪನವರೇ. ನಾನು ಹೇಳಬೇಕೆಂದದ್ದು ಅದಲ್ಲ. ಚೌಕದಲ್ಲಿ ಕಾಯುತ್ತಿದ್ದವರೂ ಬಂದು ಸೇರಿ, ನಾವೆಲ್ಲ ದೋಣಿಕಟ್ಟೆಯ ಕಡೆ ನಡೆಯುತ್ತಿದ್ದೆವು. ಆರಕ್ಕೆ ಇನ್ನೊಂದೇ ನಿಮಿಷವಿತ್ತು, ಸಮತಾ ದೂರದಿಂದಲೇ ಛತ್ರಿ ಬೀಸಿದಳು. ದೋಣಿಯವನು ಬಿಚ್ಚಿದ ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತಿದ. ಆಗ ನನ್ನ ಫೋನ್ ಬಡಿದುಕೊಂಡಿತು. ಜೋಗಮ್ಮ.

"ಊಟ ಆತೇನ್ರಿ?" ಎಂದು ಶುರುಮಾಡಿದವಳು ತಟ್ಟನೆ ನಿಂತಳು. ಅವಳ ಕಿವಿ ಬಲು ಚುರುಕು. "ಅದೇನ್ರಿ ಸದ್ದು? ಡಂಗುರ ಅಲ್ಲೇನು? ನೀವು ಬಾರಸಾಕತ್ತೀರೇನು?"

ಆ ದನಿಯಲ್ಲಿದ್ದದ್ದು ಸಿಟ್ಟಲ್ಲ. ಏನನ್ನೋ ಕಳೆದುಕೊಂಡವಳ ದನಿ. ನಾನು ಗುಂಪಿನಿಂದ ಸ್ವಲ್ಪ ಹಿಂದೆ ಸರಿದೆ.

"ನಾನಲ್ಲ. ನಾನು ಮುಟ್ಟಿಲ್ಲ."

"ಮತ್ಯಾರು?"

"ಶಿವಯೋಗಪ್ಪನೋರು ಬಾರಸಾಕತ್ತಾರ. ಮುಂದ ನಿನ್ನ ಮಗಳು ಛತ್ರಿ ಹಿಡಕೊಂಡು ಹೊಂಟಾಳ. ಆಕಿ ಹಿಂದ ಅವ್ರು, ಅವ್ರ ಹಿಂದ ಐದೂ ತಾಲ್ಲೂಕು."

ಅವಳು ಉಸಿರು ಎಳೆದುಕೊಳ್ಳುವುದು ಕೇಳಿಸಿತು.

"ಇನ್ನೊಂದ್ ಸಲ ಹೇಳ್ರಿ" ಎಂದಳು ಜೋಗಮ್ಮ.

ಇನ್ನೊಂದು ಸಲ ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವ ದನಿಯಲ್ಲೇ ಹೇಳಿದೆ.